ಮನಸ್ಸು ಬೇರೆಯೋ, ದೇಹ ಬೇರೆಯೋ?

ಮುಂಡಗೋಡದ ಟಿಬೇಟಿ ಮಠಗಳ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದಿಸುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ನಿಂತವನು ಪ್ರಶ್ನಿಸುವನು, ಕುಳಿತವನು ತನ್ನ ಮಾತನ್ನು ಸಮರ್ಥಿಸಬೇಕು. ಫ್ರಾನ್ಸಿನ ದೇಕಾರ್ತನೂ (1596–1650) ಸಂಶಯದಿಂದಲೇ ಆರಂಭಿಸಿದನು. ಎಲ್ಲವನ್ನೂ ಸಂಶಯಿಸಿದರೂ ಸಂಶಯಿಸುವ ‘ನಾನು’ ಉಳಿಯಿತು. ಆದುದರಿಂದ ಮನಸ್ಸು ಬೇರೆ, ದೇಹ ಬೇರೆ ಎಂದು 1641ರಲ್ಲಿ ವಾದಿಸಿದನು. ಹಾಗಾದರೆ ಮನಸ್ಸಿನ ಇಚ್ಛೆಯು ದೇಹವನ್ನು ಚಲಿಸುವಂತೆ ಮಾಡುವುದು ಹೇಗೆಂದು ಬೊಹೇಮಿಯಾದ ರಾಜಕುಮಾರಿ ಎಲಿಸಬೆತಳು 1643ರಲ್ಲಿ ಪತ್ರಮುಖೇನ ಕೇಳಿದಳು. ಅವನ ಉತ್ತರವು ಅವಳಿಗೆ ತೃಪ್ತಿ ಕೊಡಲಿಲ್ಲ, ನಮಗೂ ಕೊಡದು. ಮರೆವು ಕವಿದ ಅಜ್ಜಿಯ ಹಾಸಿಗೆಯ ಬಳಿ ಕುಳಿತವರಿಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ.

2013ರ ಜನವರಿಯಲ್ಲಿ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ, ದಲಾಯಿ ಲಾಮಾರವರ ಸಮ್ಮುಖದಲ್ಲಿ, ವಿಜ್ಞಾನಿಗಳೂ ಭಿಕ್ಷುಗಳೂ ಆರು ದಿನ ಮನಸ್ಸು, ಮೆದುಳು, ಜಡವಸ್ತುಗಳನ್ನು ಕುರಿತು ಚರ್ಚಿಸಿದರು. ಬೌದ್ಧರಿಗೆ ಮನಸ್ಸು ಕ್ಷಣಕ್ಷಣಕ್ಕೂ ಹರಿಯುವ ಪ್ರವಾಹ. ದೇಕಾರ್ತನ ಸ್ಥಿರವಾದ ‘ನಾನು’ ಅವರಿಗೆ ಒಪ್ಪದು.