ಹಸಿದವರಿಗೆ ಹಸಿವಿನ ಮಹಿಮೆ ಹೇಳಬೇಡಿ

ರಂಜಾನ್ ಹತ್ತಿರವಾಗುತ್ತಿದ್ದಂತೆ ಮೊಬೈಲಿನಿಂದ ಮೊಬೈಲಿಗೆ ಒಂದು ಸುದ್ದಿ ಹಾರಾಡತೊಡಗುತ್ತದೆ. ಉಪವಾಸ ಮಾಡಿದರೆ ದೇಹ ತನ್ನ ಕೆಟ್ಟ ಜೀವಕೋಶಗಳನ್ನು ತಾನೇ ತಿಂದುಹಾಕುತ್ತದೆ, ಕ್ಯಾನ್ಸರ್ ಬರುವುದಿಲ್ಲ, ಮುಪ್ಪು ಮುಂದಕ್ಕೆ ಹೋಗುತ್ತದೆ ಎಂದು ಜಪಾನಿನ ವಿಜ್ಞಾನಿಯೊಬ್ಬರು ಸಾಬೀತು ಮಾಡಿ ನೊಬೆಲ್ ಪಡೆದರಂತೆ. ನಮ್ಮ ಧರ್ಮ 1,400 ವರ್ಷಗಳ ಹಿಂದೆಯೇ ಹೇಳಿದ್ದನ್ನು ವಿಜ್ಞಾನ ಈಗ ಒಪ್ಪಿಕೊಂಡಿತಂತೆ. ಇದೇ ಸುದ್ದಿ ಏಕಾದಶಿಯ ಹೊತ್ತಿಗೆ ವೇಷ ಬದಲಿಸಿಕೊಂಡು ಬೇರೆ ಮನೆಗಳಿಗೆ ಹೋಗುತ್ತದೆ. ಅಲ್ಲಿ 1,400ರ ಜಾಗದಲ್ಲಿ 5,000 ಇರುತ್ತದೆ, ಅಷ್ಟೇ ವ್ಯತ್ಯಾಸ.

ನಡೆದದ್ದು ಇಷ್ಟು. ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂದದ್ದು ನಿಜ. ಆದರೆ ಅವರು ನೋಡಿದ್ದು ಬ್ರೆಡ್ ಉಬ್ಬಿಸುವ ಯೀಸ್ಟನ್ನು, ಮನುಷ್ಯರ ಉಪವಾಸವನ್ನಲ್ಲ. ಆಹಾರ ಸಿಗದ ಯೀಸ್ಟ್ ಕೋಶ ತನ್ನೊಳಗಿನ ಹಳೆಯ ಸಾಮಾನುಗಳನ್ನು ಒಡೆದು ಮರಳಿ ಬಳಸಿಕೊಳ್ಳುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. 1993ರಲ್ಲಿ ಆ ಕೆಲಸಕ್ಕೆ ಬೇಕಾದ 15 ಜೀನುಗಳನ್ನು ಗುರುತಿಸಿದರು. ಆಟೋಫೇಜಿ ಎಂಬ ಆ ಕ್ರಿಯೆ ಮನುಷ್ಯರ ಕೋಶಗಳಲ್ಲೂ ಇದೆ. ಆದರೆ ಎಷ್ಟು ಗಂಟೆ ಹಸಿದಿದ್ದರೆ ಯಾವ ಕಾಯಿಲೆ ಹೋಗುತ್ತದೆ ಎಂದು ಆ ಬಹುಮಾನ ಹೇಳಿಲ್ಲ.

ಸುಳ್ಳು ಸುದ್ದಿಗಳು ಸಾವಿರ ಇರುತ್ತವೆ, ಇದೊಂದಕ್ಕೆ ಇಷ್ಟು ಸಿಟ್ಟೇಕೆ ಎಂದು ಕೇಳಬಹುದು. ಈ ಸುದ್ದಿಯನ್ನು ನಂಬಿ ಸಕ್ಕರೆ ಕಾಯಿಲೆಯ ಮುದುಕರು ವೈದ್ಯರನ್ನು ಕೇಳದೆ ಗುಳಿಗೆ ಬಿಟ್ಟು, ಇನ್ಸುಲಿನ್ ಬಿಟ್ಟು ರೋಜಾ ಹಿಡಿಯುತ್ತಾರೆ. ಅಸ್ರ್ ಹೊತ್ತಿಗೆ ಕಣ್ಣು ಕತ್ತಲೆ ಬಂದು ಬೀಳುವವರು ಅವರೇ. ಧರ್ಮವೇ ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಕೊಟ್ಟಿದೆ. ಉಪವಾಸ ಸಾಧ್ಯವೇ ಇಲ್ಲದವರು ಒಬ್ಬ ಬಡವನಿಗೆ ಉಣ್ಣಿಸಲಿ ಎಂದಿದೆ. ಕುರ್‌ಆನ್ ರೋಜಾಕ್ಕೆ ಕೊಡುವ ಕಾರಣ ತಕ್ವಾ, ದೀರ್ಘಾಯುಷ್ಯವಲ್ಲ. ಇಬಾದತ್ತಿಗೆ ಪ್ರಯೋಗಶಾಲೆಯ ಸರ್ಟಿಫಿಕೇಟು ತರಲು ಓಡುವವರು ತಮ್ಮ ನಂಬಿಕೆಯನ್ನು ಎತ್ತರಕ್ಕೇರಿಸುತ್ತಿಲ್ಲ, ಜಿಮ್ಮಿನ ಮಟ್ಟಕ್ಕೆ ಇಳಿಸುತ್ತಿದ್ದಾರೆ. ನಾಳೆ ಇನ್ನೊಂದು ಸಂಶೋಧನೆ ಬಂದು ಉಪವಾಸದಿಂದ ಆಯುಷ್ಯ ಹೆಚ್ಚುವುದಿಲ್ಲ ಎಂದರೆ ಇವರು ರೋಜಾ ಬಿಡುತ್ತಾರೆಯೇ?

ವಿಜ್ಞಾನ ನಿಜಕ್ಕೂ ಏನು ಹೇಳುತ್ತಿದೆ ಎಂಬುದನ್ನು ತಿಳಿಯೋಣ. ನಮ್ಮ ಬೀದರ್ ಕಡೆಯ ರೈತನ ಮನೆಯನ್ನೇ ತೆಗೆದುಕೊಳ್ಳಿ. ಮಳೆ ಚೆನ್ನಾಗಿ ಬಂದು ತೊಗರಿ ಕೈಹಿಡಿದ ವರ್ಷ ಅವನು ಹೊಸ ಕೋಣೆ ಕಟ್ಟಿಸುತ್ತಾನೆ. ಬರ ಬಿದ್ದ ವರ್ಷ ಕಟ್ಟಡ ನಿಲ್ಲಿಸಿ, ಸೋರುವ ಮಾಳಿಗೆಗೆ ಮಣ್ಣು ಹಾಕಿ, ಹಳೆಯ ತೊಲೆಯನ್ನೇ ಮತ್ತೆ ಬಳಸುತ್ತಾನೆ. ಜೀವಕೋಶದೊಳಗೂ ಹೀಗೆಯೇ ಸುದ್ದಿ ಓಡಾಡುತ್ತದೆ. ಅನ್ನ ಬಂತು, ಕಟ್ಟು ಎನ್ನುವ ಸಂಕೇತಗಳಿವೆ. ಇನ್ಸುಲಿನ್ ಅದರಲ್ಲೊಂದು, ಟಾರ್ ಎಂಬ ಪ್ರೋಟೀನು ಇನ್ನೊಂದು. ಬುತ್ತಿ ಕಡಿಮೆಯಾಗಿದೆ, ರಿಪೇರಿ ನೋಡು ಎನ್ನುವ ಸಂಕೇತಗಳೂ ಇವೆ. 1993ರಲ್ಲಿ ಅಮೆರಿಕದ ಸಿಂಥಿಯಾ ಕೆನ್ಯನ್ ಮತ್ತು ಅವರ ಜೊತೆಗಾರರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಒಂದು ಜೀನು ಬದಲಾದರೆ ಅದರ ಆಯುಷ್ಯ ಎರಡು ಪಟ್ಟಾಗುವುದನ್ನು ತೋರಿಸಿದರು. ಆ ಜೀನು ನಮ್ಮ ಇನ್ಸುಲಿನ್ ಸುದ್ದಿ ಹಿಡಿಯುವ ಬಾಗಿಲಿನ ಬಂಧು ಎಂದು 1997ರಲ್ಲಿ ತಿಳಿಯಿತು. ಮುಪ್ಪು ಎನ್ನುವುದು ಬರೀ ಸವೆತವಲ್ಲ, ಅದರ ವೇಗವನ್ನು ಒಳಗಿನ ಸಂಕೇತಗಳು ಏರಿಳಿಸುತ್ತವೆ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಇದು ದೊಡ್ಡ ತಿಳಿವಳಿಕೆ, ಅನುಮಾನವಿಲ್ಲ. ಆದರೆ ಹುಳುವಿನಿಂದ ಮನುಷ್ಯನವರೆಗಿನ ದಾರಿ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸು ಹತ್ತಿದಷ್ಟು ಸುಲಭವಲ್ಲ. ಇನ್ಸುಲಿನ್ ಸಂಕೇತ ಕುಗ್ಗಿದ ಹುಳು ಹೆಚ್ಚು ದಿನ ಬದುಕಿತು. ಇನ್ಸುಲಿನ್ ಕೆಲಸ ಕೆಟ್ಟ ಮನುಷ್ಯನಿಗೆ ಬರುವುದು ಸಕ್ಕರೆ ಕಾಯಿಲೆ. ಟಾರ್ ಕೂಡ ಖಳನಾಯಕನಲ್ಲ. ಅದಿಲ್ಲದೆ ಮಗು ಬೆಳೆಯುವುದಿಲ್ಲ.

ಇನ್ನು ಕಡಿಮೆ ಉಂಡರೆ ಹೆಚ್ಚು ಬದುಕುತ್ತೀರಿ ಎಂಬ ಉಪದೇಶ. ಇದರ ಬೇರು 1935ರಲ್ಲಿ ಕ್ಲೈವ್ ಮೆಕೆ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿದೆ. ಕಡಿಮೆ ಉಂಡ ಇಲಿಗಳು ಹೆಚ್ಚು ಬದುಕಿದವು. ಆದರೆ ಆ ಇಲಿಗಳಿಗೆ ಕಡಿತವಾದದ್ದು ಶಕ್ತಿಯ ಲೆಕ್ಕದಲ್ಲಿ ಮಾತ್ರ. ಜೀವಸತ್ವ, ಲವಣಗಳನ್ನು ಲೆಕ್ಕ ಹಾಕಿ ಪೂರ್ತಿ ಕೊಟ್ಟಿದ್ದರು. ಮುಂದೆ ಅಮೆರಿಕದಲ್ಲಿ ಕೋತಿಗಳ ಮೇಲೆ ಎರಡು ಕಡೆ ದಶಕಗಟ್ಟಲೆ ಪ್ರಯೋಗ ನಡೆಯಿತು. ವಿಸ್ಕಾನ್ಸಿನ್‌ನವರು 2009ರಲ್ಲಿ ಲಾಭವಿದೆ ಎಂದರು. ಅಲ್ಲಿನ ರಾಷ್ಟ್ರೀಯ ಮುಪ್ಪಿನ ಸಂಸ್ಥೆಯವರು 2012ರಲ್ಲಿ ಆಯುಷ್ಯ ಹೆಚ್ಚಲಿಲ್ಲ ಎಂದರು. ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ತಟ್ಟೆಯಲ್ಲೇ ಇತ್ತು. ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಗೆ ಇಟ್ಟ ಕೋತಿಗಳು ಸಕ್ಕರೆ ಹೆಚ್ಚಿದ ಆಹಾರವನ್ನು ಬೇಕಾದಷ್ಟು ತಿನ್ನುತ್ತಿದ್ದವು. ಇನ್ನೊಂದು ಕಡೆ ಹೋಲಿಕೆಯ ಕೋತಿಗಳಿಗೂ ಆಹಾರ ಹಿತಮಿತವಾಗಿತ್ತು. ಅಂದರೆ ಅತಿಯಾಗಿ ತಿನ್ನುವವನು ಮಿತಕ್ಕೆ ಬಂದರೆ ಲಾಭವುಂಟು. ಮೊದಲೇ ಮಿತವಾಗಿ ಉಣ್ಣುವವನ ತಟ್ಟೆಯಿಂದ ಕಸಿದರೆ ಅಷ್ಟು ಲಾಭ ಕಾಣಲಿಲ್ಲ.

ಹಾಗಾದರೆ ಅರೆಹೊಟ್ಟೆಯಲ್ಲಿ ಹುಟ್ಟಿ ಬೆಳೆದವರ ಕಥೆ ಏನು? ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ಮೈಸೂರು ಸಾಕು. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳ ತೂಕವನ್ನು 1934ರಿಂದ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ. 3 ಮಾತ್ರ. ತೂಕ ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಕಾಯಿಲೆ ಇನ್ನೂ ಹೆಚ್ಚು. ತಾಯಿಯ ಅರೆಹೊಟ್ಟೆ ಮಗುವಿನ ಆಯುಷ್ಯವನ್ನು ಉದ್ದ ಮಾಡಲಿಲ್ಲ. ನಲವತ್ತೈವತ್ತು ವರ್ಷಗಳ ನಂತರ ಎದೆನೋವಾಗಿ ಎದ್ದು ಬಂತು. ಹಸಿವಿನ ಸಂಕೇತ ಎಲ್ಲಿ, ಯಾವಾಗ, ಯಾರ ಮೈಮೇಲೆ ಬೀಳುತ್ತದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಉಪವಾಸ ಮಾಡುವವನಿಗೆ ಇಫ್ತಾರ್ ಇದೆ. ಬಡವಿಯ ಹಸಿವಿಗೆ ಮಗ್ರಿಬ್ ಆಗುವುದೇ ಇಲ್ಲ.

ಈಗ ವ್ಯಾಪಾರಿಗಳ ಕಡೆ ಬರೋಣ. ದ್ರಾಕ್ಷಿ ಸಿಪ್ಪೆಯಲ್ಲಿನ ರೆಸ್ವೆರಟ್ರಾಲ್ ಮುಪ್ಪು ತಡೆಯುತ್ತದೆಂದು ಒಂದು ಕಾಲಕ್ಕೆ ದೊಡ್ಡ ಗದ್ದಲವೆದ್ದಿತ್ತು. ಅದರ ಬೆನ್ನು ಹತ್ತಿದ ಸರ್ಟ್ರಿಸ್ ಎಂಬ ಪುಟ್ಟ ಕಂಪನಿಯನ್ನು 2008ರಲ್ಲಿ ಗ್ಲಾಕ್ಸೋ 72 ಕೋಟಿ ಡಾಲರ್ ಕೊಟ್ಟು ಕೊಂಡಿತು, 2013ರಲ್ಲಿ ಬಾಗಿಲು ಹಾಕಿತು. ಮುಪ್ಪು ತಡೆಯುವ ಒಂದು ಗುಳಿಗೆಯೂ ಅಲ್ಲಿಂದ ಬರಲಿಲ್ಲ.

ರಾಪಾಮೈಸಿನ್ ಕಥೆ ಇನ್ನೂ ಸ್ವಾರಸ್ಯದ್ದು. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪದಿಂದ ಮಣ್ಣು ತಂದಿತು. ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್ ಮಾಂಟ್ರಿಯಲ್‌ನಲ್ಲಿ ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಈ ಮದ್ದನ್ನು ಬೇರ್ಪಡಿಸಿದರು. ಕಂಪನಿ ಆ ಕೆಲಸ ಕೈಬಿಟ್ಟಾಗ ಅವರು ಅದನ್ನು ಮನೆಯ ಫ್ರೀಜರಿನಲ್ಲಿಟ್ಟು ಉಳಿಸಿದರು. 1999ರಲ್ಲಿ ಅದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಮದ್ದಾಯಿತು. ಟಾರ್ ಸಂಕೇತವನ್ನು ಅದು ತಗ್ಗಿಸುತ್ತದೆ. 2009ರಲ್ಲಿ ಮುದಿ ಇಲಿಗಳಿಗೆ ಕೊಟ್ಟಾಗ ಆಯುಷ್ಯ ಗಂಡಿಲಿಗಳಲ್ಲಿ ಶೇ. 9, ಹೆಣ್ಣಿಲಿಗಳಲ್ಲಿ ಶೇ. 14 ಹೆಚ್ಚಿತು. ಆದರೆ ಆ ಇಲಿಗಳು ಸೋಂಕಿಲ್ಲದ ಪಂಜರದಲ್ಲಿದ್ದವು. ಇದು ರೋಗನಿರೋಧ ಶಕ್ತಿಯನ್ನು ಕುಗ್ಗಿಸುವ ಮದ್ದು. ಕ್ಷಯ ಮನೆಮನೆಗೆ ಗೊತ್ತಿರುವ ನಮ್ಮ ನಾಡಿಗೆ ಅದು ಸಣ್ಣ ಮಾತಲ್ಲ. ವಯಸ್ಸನ್ನು ಹಿಂದಕ್ಕೆ ತಿರುಗಿಸಲು ಹೊರಟ ಅಮೆರಿಕದ ಶ್ರೀಮಂತ ಬ್ರಯಾನ್ ಜಾನ್ಸನ್ ಕೂಡ ಸುಮಾರು ಐದು ವರ್ಷ ಇದನ್ನು ನುಂಗಿ, ಅಡ್ಡಪರಿಣಾಮಗಳೇ ಹೆಚ್ಚೆಂದು 2024ರಲ್ಲಿ ಬಿಟ್ಟುಬಿಟ್ಟ.

ಇದಕ್ಕೆ ಎದುರಾಗಿ ಮೆಟ್‌ಫಾರ್ಮಿನ್ ನೋಡಿ. ಸಕ್ಕರೆ ಕಾಯಿಲೆಯ ಅತ್ಯಂತ ಅಗ್ಗದ ಗುಳಿಗೆ. ಅದು ಮುಪ್ಪಿನ ರೋಗಗಳನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸಲು ಅಮೆರಿಕದ ನೀರ್ ಬಾರ್ಜಿಲಾಯ್ ವರ್ಷಗಳಿಂದ ಹಣ ಹುಡುಕಿದ್ದಾರೆ. ಪೇಟೆಂಟ್ ಮುಗಿದ ಮದ್ದಿನಿಂದ ಲಾಭವಿಲ್ಲವಾದ್ದರಿಂದ ಕಂಪನಿಗಳಿಗೆ ಆಸಕ್ತಿ ಬರಲಿಲ್ಲ. ಆ ಮದ್ದು ಗೆಲ್ಲುತ್ತದೋ ಸೋಲುತ್ತದೋ ಬೇರೆ ಮಾತು. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಕೂಡ ಮಾರುಕಟ್ಟೆಯೇ ನಿರ್ಧರಿಸುತ್ತದೆ ಎಂಬುದು ಮಾತ್ರ ಸ್ಪಷ್ಟ.

ನಮ್ಮ ಹಳೆಯ ಹಕೀಮರು ಈ ವ್ಯಾಪಾರಿಗಳಿಗಿಂತ ಪ್ರಾಮಾಣಿಕರಾಗಿದ್ದರು. ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆ ತನ್ನ ಅಲ್ ಕಾನೂನ್ ಗ್ರಂಥದಲ್ಲಿ, ದೇಹದ ಹುಟ್ಟು ತೇವ ದೀಪದ ಎಣ್ಣೆಯಂತೆ ಆರುತ್ತ ಹೋಗುವುದೇ ಮುಪ್ಪು ಎಂದು ವಿವರಿಸಿದ. ವೈದ್ಯಕ್ಕೆ ಸಾವನ್ನು ತಪ್ಪಿಸುವ ಜವಾಬ್ದಾರಿ ಇಲ್ಲ, ಎಲ್ಲರನ್ನೂ ಆಯುಷ್ಯದ ಕೊನೆಯ ಮೇರೆಗೆ ಮುಟ್ಟಿಸುವ ಭರವಸೆಯೂ ಇಲ್ಲ. ದೇಹ ಕೊಳೆಯದಂತೆ, ತೇವ ಬೇಗ ಆರದಂತೆ ಕಾಯುವುದಷ್ಟೇ ಅದರ ಕೆಲಸ ಎಂದ. ಅವನ ಶರೀರಶಾಸ್ತ್ರ ಹಳತಾಯಿತು, ಆದರೆ ಆ ವಿನಯ ಹಳತಾಗಿಲ್ಲ.

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯನ್ನು ರಾಷ್ಟ್ರಕೂಟರ ಮಯೂರಖಂಡಿ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ದಾನಗಳು ಸೂರ್ಯಚಂದ್ರರಿರುವವರೆಗೆ ನಡೆಯಲಿ ಎಂದು ಕೊರೆಸುತ್ತಿದ್ದ ದೊರೆಗಳ ಕಾಲ ಅದು. ದೊರೆಗಳು ಹೋದರು, ಹೊಲದಲ್ಲಿ ಬಗ್ಗಿದವರು ಇಂದಿಗೂ ಬಗ್ಗಿಯೇ ಇದ್ದಾರೆ. ಮಕ್ಕಳು ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಮನೆಗಳಲ್ಲಿ ಮುದುಕರೇ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅಂಥ ಒಬ್ಬ ಅಜ್ಜಿಗೆ, ಆಯುಷ್ಯ ಹೆಚ್ಚಿಸೋ ಗುಳಿಗಿ ಹುಡುಕತಾರಂತ ಅವ್ವಾ ಎಂದೆ. ಆಕೆ ನಕ್ಕು, "ಆಯುಷ್ಯ ತಗೊಂಡ್ ಏನ್ ಮಾಡ್ಲೋ ಯಪ್ಪಾ, ಮೊಳಕಾಲ್ ಬ್ಯಾನಿಗಿ ಏನರ ಇದ್ರ ಹೇಳು" ಎಂದರು. ಇಡೀ ಮುಪ್ಪಿನ ವಿಜ್ಞಾನ ಉತ್ತರ ಹುಡುಕಬೇಕಾದ ಪ್ರಶ್ನೆ ಇದೇ. ವರ್ಷಗಳನ್ನು ಸೇರಿಸುವುದಲ್ಲ, ಇರುವ ವರ್ಷಗಳಲ್ಲಿ ಎದ್ದು ನಡೆಯುವಂತೆ ಮಾಡುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ ಲಾಂಜೆವಿಟಿ ಇಂಡಿಯಾ ಎಂಬ ಯೋಜನೆ ಆರಂಭಿಸಿತು. ಪಶ್ಚಿಮದವರ ಅಳತೆಗೋಲು ನಮ್ಮ ದೇಹಕ್ಕೆ ಹೊಂದುವುದಿಲ್ಲ, ಭಾರತೀಯರ ಮುಪ್ಪಿನ ಲೆಕ್ಕ ಬೇರೆಯೇ ಬೇಕು ಎಂಬ ಅದರ ವಾದ ಸರಿಯಾದದ್ದು. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಭಾರತೀಯ ಎಂದರೆ ಬೆಂಗಳೂರಿನ ಆಫೀಸಿನವನಷ್ಟೇ ಆಗಬಾರದು. ಬಿಸಿಲಲ್ಲಿ ಕಬ್ಬು ಕಡಿದ ಬೆನ್ನು, ಹೊಗೆಯೊಲೆ ಊದಿದ ಶ್ವಾಸಕೋಶ, ಹದಿನೇಳಕ್ಕೆ ತಾಯಿಯಾದ ಮೈ ಕೂಡ ಆ ಲೆಕ್ಕದಲ್ಲಿ ಬರಬೇಕು. ಮೊದಲು ಉಳ್ಳವರಿಗೆ ಸಿಗಲಿ, ಆಮೇಲೆ ಎಲ್ಲರಿಗೂ ಇಳಿದು ಬರುತ್ತದೆ ಎನ್ನುವವರಿಗೆ ಒಂದೇ ಮಾತು: 1922ರಲ್ಲೇ ಮನುಷ್ಯನಿಗೆ ಕೊಟ್ಟು ಗೆದ್ದ ಇನ್ಸುಲಿನ್ ನೂರು ವರ್ಷ ಕಳೆದರೂ ಎಷ್ಟು ಬಡವರ ಮನೆಗೆ ಇಳಿದು ಬಂದಿದೆ, ಹೋಗಿ ನೋಡಿ.

ಅದೇ ಜಾನ್ಸನ್ ಮುಂಬೈಗೆ ಬಂದಾಗ, ಇಲ್ಲಿನ ಗಾಳಿ ಕೆಟ್ಟಿದೆ ಎಂದು ಸಂದರ್ಶನದ ಮಧ್ಯೆಯೇ ಎದ್ದು ಹೋದ ಸುದ್ದಿ 2025ರ ಫೆಬ್ರವರಿಯಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅವನು ಮಾಡಿದ್ದು ಸರಿಯೇ. ಕೆಟ್ಟ ಗಾಳಿ ಆಯುಷ್ಯ ತಿನ್ನುತ್ತದೆ. ಆದರೆ ಹುಮನಾಬಾದಿನ ಕಾರ್ಖಾನೆಗಳ ನೆರೆಯಲ್ಲಿ ಮನೆ ಮಾಡಿಕೊಂಡವರು ಎದ್ದು ಎಲ್ಲಿಗೆ ಹೋಗಬೇಕು?

ಕೋಶದೊಳಗೆ ಓಡುವ ಸಂಕೇತಗಳು ಹುಟ್ಟುವುದು ಕೋಶದ ಹೊರಗೆ: ತಟ್ಟೆಯಲ್ಲಿ, ಗಾಳಿಯಲ್ಲಿ, ದುಡಿಮೆಯಲ್ಲಿ, ನಿದ್ದೆಯಲ್ಲಿ. ಹಾಗಾಗಿ ಮುಪ್ಪಿನ ಮದ್ದಿನ ಪಟ್ಟಿ ಹೀಗಿರಬೇಕು. ಬಸುರಿಯ ತಟ್ಟೆಗೆ ಬೇಳೆ, ಮೊಟ್ಟೆ. ಬಿಪಿ, ಸಕ್ಕರೆಯ ಗುಳಿಗೆ ಒಂದು ತಿಂಗಳೂ ತಪ್ಪದೆ ಊರಿನ ದವಾಖಾನೆಯಲ್ಲಿ. ಹೊಗೆಯಿಲ್ಲದ ಒಲೆ. ಮುದುಕರಿಗೆ ಮರ್ಯಾದೆಯಿಂದ ಬದುಕುವಷ್ಟು ಪಿಂಚಣಿ. 65 ದಾಟಿದವರ ಸಂಧ್ಯಾ ಸುರಕ್ಷಾ ಹಣವನ್ನು 2021ರಲ್ಲಿ ತಿಂಗಳಿಗೆ 1,000ದಿಂದ 1,200 ರೂಪಾಯಿಗೆ ಏರಿಸಿದಾಗ ಸರ್ಕಾರ ಅದನ್ನು ದೊಡ್ಡ ಸಾಧನೆ ಎಂದು ಸಾರಿತು. ದಿನಕ್ಕೆ 40 ರೂಪಾಯಿ. ಈ 40 ರೂಪಾಯಿಯಲ್ಲಿ ದಿನ ದೂಡುವವರಿಗೆ ಹಸಿವಿನ ಮಹಿಮೆ ಹೇಳಲು ಹೊರಡುವವರು, ವಿಜ್ಞಾನದ ಹೆಸರಿನಲ್ಲಾಗಲಿ, ಧರ್ಮದ ಹೆಸರಿನಲ್ಲಾಗಲಿ, ಮೊದಲು ಅವರಿಗೆ ಒಂದು ಹೊತ್ತು ಊಟ ಹಾಕಿ ಬಂದು ಮಾತಾಡಲಿ.