ಬಾಲ್ಕನಿ ಬಾಗಿಲಲ್ಲೇ ನಿಂತ ಅಗ್ನಿಸುರಕ್ಷೆ

ಎತ್ತರದ ವಸತಿ ಕಟ್ಟಡಗಳಲ್ಲಿ ಸ್ಪ್ರಿಂಕ್ಲರ್ ಪೈಪು ಹಾಲ್‌ನ ಚಾವಣಿಗೆ ಬರುತ್ತದೆ, ಮಲಗುವ ಕೋಣೆಗೂ ಹೋಗುತ್ತದೆ. ಬಾಲ್ಕನಿಯ ಬಾಗಿಲು ಬಂದಾಗ ಮಾತ್ರ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಬಾಲ್ಕನಿ ಎಂದರೆ ಹೊರಗಿನ ಜಾಗ, ಹೊಗೆ ಗಾಳಿಗೆ ಹೋಗುತ್ತದೆ, ಅಲ್ಲಿ ಉರಿಯುವಂಥದ್ದು ಏನಿದ್ದೀತು ಎಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕ ಎಷ್ಟು ತಪ್ಪೆಂದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕೆ 2014ರಲ್ಲೇ ಗೊತ್ತಾಯಿತು.

ಆ ವರ್ಷದ ನವೆಂಬರ್ 25ರ ನಸುಕಿನಲ್ಲಿ, ಡಾಕ್‌ಲ್ಯಾಂಡ್ಸ್ ಪ್ರದೇಶದ ಲಾಕ್ರೋಸ್ ಎಂಬ ವಸತಿ ಗೋಪುರದ ಎಂಟನೇ ಮಹಡಿಯಲ್ಲಿ ಒಬ್ಬಾತ ಬಾಲ್ಕನಿಗೆ ಬಂದು ಸಿಗರೇಟು ಸೇದಿ, ತುಂಡನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಒಳಗೆ ಹೋದ. ಡಬ್ಬಿ ಇದ್ದದ್ದು ಮರದ ಮೇಜಿನ ಮೇಲೆ. ತುಂಡು ಆರಿರಲಿಲ್ಲ. ಡಬ್ಬಿ ಹೊತ್ತಿಕೊಂಡಿತು, ಮೇಜು ಹೊತ್ತಿಕೊಂಡಿತು, ಅಲ್ಲಿಂದ ಉರಿ ಹೊರಗೋಡೆಗೆ ಹೊದಿಸಿದ್ದ ಅಲ್ಯೂಮಿನಿಯಂ ಫಲಕಗಳಿಗೆ ತಗುಲಿತು. ಆ ಫಲಕಗಳ ನಡುವೆ ಇದ್ದದ್ದು ಪ್ಲಾಸ್ಟಿಕ್. ಹತ್ತು–ಹದಿನೈದು ನಿಮಿಷದೊಳಗೆ ಬೆಂಕಿ 21ನೇ ಮಹಡಿ ಮುಟ್ಟಿತ್ತು. ಸುಮಾರು 400 ಜನರನ್ನು ಹೊರಗೆ ಕರೆತರಬೇಕಾಯಿತು. ಒಬ್ಬರೂ ಸಾಯಲಿಲ್ಲ. ಅದಕ್ಕೆ ದೊಡ್ಡ ಕಾರಣ ಮನೆಗಳ ಒಳಗಿದ್ದ ಸ್ಪ್ರಿಂಕ್ಲರ್ ವ್ಯವಸ್ಥೆ. ಏಕಕಾಲಕ್ಕೆ ಅಷ್ಟೊಂದು ಮಹಡಿಗಳಲ್ಲಿ ನೀರು ಸುರಿಸಲೆಂದು ಅದನ್ನು ರೂಪಿಸಿರಲಿಲ್ಲ. ಆದರೂ ಅದು ತನ್ನ ಶಕ್ತಿ ಮೀರಿ ದುಡಿದು, ಬೆಂಕಿ ಮನೆಗಳ ಒಳಕ್ಕೆ ನುಗ್ಗಿ ಹಬ್ಬದಂತೆ ತಡೆಯಿತು. ಬೆಂಕಿ ಹುಟ್ಟಿದ ಬಾಲ್ಕನಿಯಲ್ಲಿ ಮಾತ್ರ ಸ್ಪ್ರಿಂಕ್ಲರ್ ಇರಲಿಲ್ಲ. ಮೇಜಿನ ಮೇಲಿನ ಬೆಂಕಿಯನ್ನು ಮೇಜಿನ ಮೇಲೆಯೇ ಆರಿಸುವ ಅವಕಾಶ ಆ ಕಟ್ಟಡಕ್ಕೆ ಸಿಗಲೇ ಇಲ್ಲ.

ವಿಕ್ಟೋರಿಯ ರಾಜ್ಯದ ನ್ಯಾಯಮಂಡಳಿ 2019ರ ಫೆಬ್ರುವರಿಯಲ್ಲಿ ಹೊಣೆ ಹಂಚಿದ ರೀತಿಯನ್ನು ನಮ್ಮ ಬಿಲ್ಡರುಗಳೂ ಎಂಜಿನಿಯರುಗಳೂ ಓದಬೇಕು. ಅಗ್ನಿಸುರಕ್ಷಾ ಎಂಜಿನಿಯರ್ ಸಂಸ್ಥೆಗೆ ಶೇ 39, ಕಟ್ಟಡಕ್ಕೆ ಅನುಮತಿ ಕೊಟ್ಟ ಪರಿಶೀಲಕರಿಗೆ ಶೇ 33, ವಾಸ್ತುಶಿಲ್ಪಿಗಳಿಗೆ ಶೇ 25. ಸಿಗರೇಟು ಸೇದಿದವನ ಪಾಲು ಶೇ 3 ಮಾತ್ರ. ಪ್ರಕರಣ ಮುಖ್ಯವಾಗಿ ಹೊರಹೊದಿಕೆಯ ಕುರಿತಾಗಿತ್ತು, ನಿಜ. ಆದರೆ ತೀರ್ಪಿನ ತಿರುಳು ಅದಕ್ಕಿಂತ ವಿಶಾಲವಾದದ್ದು. ಮನೆಯಲ್ಲಿರುವವರು ಒಂದಲ್ಲ ಒಂದು ದಿನ ಮೈಮರೆಯುತ್ತಾರೆ. ಆ ಮರೆವು ಇಡೀ ಕಟ್ಟಡವನ್ನು ಸುಡದಂತೆ ನೋಡಿಕೊಳ್ಳುವುದು ಕಟ್ಟಿದವರ, ಒಪ್ಪಿಗೆಯ ಮುದ್ರೆ ಒತ್ತಿದವರ ಕೆಲಸ. ಈ ಹಂಚಿಕೆ ನ್ಯಾಯವಾದದ್ದೆಂದೇ ನನ್ನ ನಂಬಿಕೆ.

ಹೊದಿಕೆ ಸರಿಯಾಗಿದ್ದರೆ ಸಾಲದೇ, ಬಾಲ್ಕನಿಗೆ ಸ್ಪ್ರಿಂಕ್ಲರ್ ಯಾಕೆ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯಾ ಹಾಗೆ ಯೋಚಿಸಲಿಲ್ಲ. ಹೊದಿಕೆಯ ನಿಯಮಗಳನ್ನು ಬಿಗಿಗೊಳಿಸುವುದರ ಜೊತೆಗೆ, 2018ರ ಮಾರ್ಚ್‌ನಲ್ಲಿ ಜಾರಿಯಾದ ತಿದ್ದುಪಡಿಯ ಮೂಲಕ ವಸತಿ ಕಟ್ಟಡಗಳ ಬಾಲ್ಕನಿಗಳನ್ನೂ ಸ್ಪ್ರಿಂಕ್ಲರ್ ರಕ್ಷಣೆಯೊಳಗೆ ತಂದಿತು. ಹಳೆಯ ಕಟ್ಟಡಗಳು ಹಳೆಯ ಸ್ಥಿತಿಯಲ್ಲೇ ಉಳಿದವು. 2019ರ ಫೆಬ್ರುವರಿಯಲ್ಲಿ ಅದೇ ನಗರದ ನಿಯೋ200 ಗೋಪುರದಲ್ಲಿ ಮತ್ತೆ ಬಾಲ್ಕನಿಯಿಂದಲೇ ಬೆಂಕಿ ಮೇಲಕ್ಕೆ ಏರಿತು.

ಅಮೆರಿಕದ ದಾರಿ ಬೇರೆ. ಅಲ್ಲಿನ ಮಾದರಿ ಕಟ್ಟಡ ಸಂಹಿತೆಯು ನಾಲ್ಕು ಮಹಡಿವರೆಗಿನ, ಮರದ ಚೌಕಟ್ಟಿನ ವಸತಿ ಕಟ್ಟಡಗಳಲ್ಲಿ ಮೇಲೆ ಸೂರು ಇರುವ ಬಾಲ್ಕನಿಗೆ ಸ್ಪ್ರಿಂಕ್ಲರ್ ಕಡ್ಡಾಯ ಮಾಡಿದೆ. ಸ್ಪ್ರಿಂಕ್ಲರ್ ಇಲ್ಲದ ಕಡೆ ಉರಿಯುವ ಗೋಡೆಯಿಂದ ಹತ್ತು ಅಡಿಯೊಳಗೆ ಇದ್ದಿಲಿನ ಒಲೆ ಹಚ್ಚುವಂತಿಲ್ಲ. ಅಂದರೆ ಅಲ್ಲಿನ ಚಿಂತೆ ಕಟ್ಟಡವೇ ಉರಿದುಹೋಗುತ್ತದೆ ಎಂಬುದು. ನಮ್ಮದು ಕಾಂಕ್ರೀಟ್, ಆದ್ದರಿಂದ ನಮಗೆ ಆ ಚಿಂತೆ ಬೇಡ ಎಂದು ಇಲ್ಲಿನವರು ತೀರ್ಮಾನಿಸಿಬಿಡುವುದೇ ಎಡವಟ್ಟು. ಕಾಂಕ್ರೀಟ್ ಉರಿಯುವುದಿಲ್ಲ, ಅದರ ಮೇಲೆ ಇಟ್ಟದ್ದು ಉರಿಯುತ್ತದೆ.

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಸಾಕು. ಒಣಗಲು ಹಾಕಿದ ಬಟ್ಟೆ, ಹಳೆಯ ಸೋಫಾ, ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ, ಮಕ್ಕಳ ಸೈಕಲ್, ಪ್ಲಾಸ್ಟಿಕ್ ಹುಲ್ಲುಹಾಸು, ಎಸಿಯ ಹೊರಘಟಕ. ಇವುಗಳ ಮುಂದೆ ಪಾರಿವಾಳ ಬರದಿರಲೆಂದು ಬಿಗಿದ ನೈಲಾನ್ ಬಲೆ. ಒಂದು ಕಿಡಿಗೆ ಈ ಬಲೆ ಕರಗಿ ಉರಿಯುತ್ತಾ ಕೆಳಗಿನ ಮನೆಗೆ ತೊಟ್ಟಿಕ್ಕುತ್ತದೆ. ಅಡುಗೆಮನೆ ಹಿಂದಿನ ಯುಟಿಲಿಟಿಯಂತೂ ಹೆಸರಿಗೆ ಬಾಲ್ಕನಿ, ನಿಜಕ್ಕೂ ಮನೆಯ ಅತ್ಯಂತ ಅಪಾಯದ ಮೂಲೆ. ವಾಷಿಂಗ್ ಮಷೀನು, ಗ್ಯಾಸ್ ಸಿಲಿಂಡರು, ಗೀಸರು, ಇನ್ವರ್ಟರ್ ಬ್ಯಾಟರಿ ಎಲ್ಲವೂ ನಾಲ್ಕಡಿ ಅಗಲದಲ್ಲಿ. ಈಚೆಗೆ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನೂ ರಾತ್ರಿಯಿಡೀ ಅಲ್ಲೇ ಚಾರ್ಜ್‌ಗೆ ಹಾಕುವುದುಂಟು. ದೀಪಾವಳಿಯ ಮೂರು ದಿನ ರಾಕೆಟ್‌ಗಳು ಎಲ್ಲಿ ಹೋಗಿ ಬೀಳುತ್ತವೆ ಎಂಬುದು ಅಗ್ನಿಶಾಮಕ ಸಿಬ್ಬಂದಿಗೆ ಚೆನ್ನಾಗಿ ಗೊತ್ತು. ಇಷ್ಟೆಲ್ಲ ತುಂಬಿರುವ ಜಾಗವನ್ನು ನಕ್ಷೆಯ ಕಾಗದದಲ್ಲಿ ಬರಿದಾದ ಹೊರಾಂಗಣ ಎಂದೇ ಓದುತ್ತಿದ್ದೇವೆ.

ಇನ್ನೂ ಕಳವಳದ ವಿಷಯವಿದೆ. 2005ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಬಾಲ್ಕನಿ ಇರುವ ಫ್ಲ್ಯಾಟ್‌ಗಳಿಗೆ ಬೆಂಕಿಯ ವೇಳೆ ತಂಗಲು ಪ್ರತ್ಯೇಕ ಆಶ್ರಯದ ಜಾಗ ಬೇಕಿಲ್ಲ ಎಂದಿತ್ತು. ಬಾಲ್ಕನಿಯೇ ಆಶ್ರಯ ಎಂಬುದು ಅದರ ಅರ್ಥ. ಆ ಬಾಲ್ಕನಿ ತೆರೆದಿರುತ್ತದೆ, ಅಲ್ಲಿಗೆ ಏಣಿ ತಲುಪುತ್ತದೆ ಎಂದು ನಂಬಿ ಬರೆದ ಮಾತದು. 2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ತಾಯಿ–ಮಗಳು ಬೆಂಕಿಗೆ ಬಲಿಯಾದರು. ಅವರಲ್ಲಿ ಒಬ್ಬರು ಬಾಲ್ಕನಿಯ ಗ್ರಿಲ್ ಹಿಂದೆ ಸಿಕ್ಕಿಬಿದ್ದಿದ್ದನ್ನು ಕೆಳಗೆ ನಿಂತವರೆಲ್ಲ ಕಂಡರು, ಏನೂ ಮಾಡಲಾಗಲಿಲ್ಲ. ಬೆಂಕಿ ಬಾಲ್ಕನಿಯಲ್ಲೇ ಹುಟ್ಟಿತೆಂದು ಇಲ್ಲಿ ಹೇಳುತ್ತಿಲ್ಲ. ಆಶ್ರಯವೆಂದು ಓಡಿಬಂದ ಜಾಗ ಪಂಜರವಾಗಿತ್ತು ಎಂಬುದು ಮರೆಯಬಾರದ ಸಂಗತಿ. ಕಳ್ಳರ ಭಯಕ್ಕೆ ಗ್ರಿಲ್, ಧೂಳಿನ ಕಾಟಕ್ಕೆ ಗಾಜು, ಇನ್ನೊಂದು ಕೋಣೆಯ ಆಸೆಗೆ ಗೋಡೆ. ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ) ಸಿಕ್ಕ ಮರುದಿನದಿಂದಲೇ ಈ ಕೆಲಸ ಶುರುವಾಗುತ್ತದೆ. ಹಾಗೆ ಮುಚ್ಚಿದ ಬಾಲ್ಕನಿ ಎಲ್ಲ ರೀತಿಯಲ್ಲೂ ಒಂದು ಕೋಣೆಯೇ, ಸ್ಪ್ರಿಂಕ್ಲರ್ ಇಲ್ಲದ ಕೋಣೆ.

ಆದ್ದರಿಂದ ಕೇಳಬೇಕಾದದ್ದು ಇಷ್ಟು: ಸ್ಪ್ರಿಂಕ್ಲರ್ ಕಡ್ಡಾಯವಾಗಿರುವ ಪ್ರತಿ ಹೊಸ ವಸತಿ ಕಟ್ಟಡದಲ್ಲಿ, ಮೇಲೆ ಸ್ಲ್ಯಾಬ್ ಇರುವ ಎಲ್ಲ ಬಾಲ್ಕನಿ ಮತ್ತು ಯುಟಿಲಿಟಿಗಳಿಗೂ ಅದು ಕಡ್ಡಾಯವಾಗಲಿ. ರಾಷ್ಟ್ರೀಯ ಸಂಹಿತೆ ಬದಲಾಗುವವರೆಗೆ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ.

ತಾಂತ್ರಿಕ ಆಕ್ಷೇಪಗಳಲ್ಲಿ ಒಂದಕ್ಕೆ ಹುರುಳಿದೆ. ಸ್ಪ್ರಿಂಕ್ಲರ್‌ನ ಗಾಜಿನ ಬಲ್ಬು ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆಯುತ್ತದೆ, ಆಗ ನೀರು ಬರುತ್ತದೆ. ತೆರೆದ ಜಾಗದಲ್ಲಿ ಶಾಖ ಗಾಳಿಗೆ ಹೋದರೆ ಬಲ್ಬು ಒಡೆಯುವುದು ತಡವಾಗುತ್ತದೆ. ಇದಕ್ಕಾಗಿಯೇ ಅದನ್ನು ಸ್ಲ್ಯಾಬಿಗೆ ಹತ್ತಿರ, ಗೋಡೆಯ ಬದಿಯಿಂದ ಕೂರಿಸುವ ಕ್ರಮವಿದೆ. ಬಿಸಿಗಾಳಿ ಮೊದಲು ಬಂದು ಸೇರುವುದು ಸ್ಲ್ಯಾಬಿನ ಕೆಳಗೇ. ಚಳಿದೇಶಗಳಲ್ಲಿ ಹೊರಗಿನ ಪೈಪಿನ ನೀರು ಹೆಪ್ಪುಗಟ್ಟುತ್ತದೆ ಎಂಬ ದೊಡ್ಡ ತಲೆನೋವಿದೆ, ಅದಕ್ಕೆ ದುಬಾರಿಯಾದ ಒಣ ಸ್ಪ್ರಿಂಕ್ಲರ್ ಹಾಕುತ್ತಾರೆ. ನಮಗೆ ಆ ಕಷ್ಟವಿಲ್ಲ. ಹಾಲ್‌ಗೆ ಬಂದ ಪೈಪಿನಿಂದಲೇ ಒಂದು ಕವಲು ತೆಗೆದರಾಯಿತು. ಮಂಗಳೂರು, ಉಡುಪಿ, ಕಾರವಾರದಲ್ಲಿ ಉಪ್ಪುಗಾಳಿಗೆ ಸವೆಯದ ಲೇಪನವುಳ್ಳದ್ದನ್ನು ಆರಿಸಬೇಕು. ಮನೆಗೆ ಬಣ್ಣ ಬಳಿಯುವವರು ಸ್ಪ್ರಿಂಕ್ಲರ್ ಮೇಲೂ ಕುಂಚ ಆಡಿಸಿಬಿಡುತ್ತಾರೆ, ಬಣ್ಣ ಹತ್ತಿದ ಸ್ಪ್ರಿಂಕ್ಲರ್ ನಂಬುವಂಥದ್ದಲ್ಲ. ಅಸೋಸಿಯೇಷನ್‌ಗಳು ಇದನ್ನು ಗಮನಿಸಬೇಕು.

ಖರ್ಚಿನ ಮಾತು ಬಂದಾಗ ಬಿಲ್ಡರುಗಳು ತೋರಿಸುವುದು ನೂರಾರು ಹೆಚ್ಚುವರಿ ಸ್ಪ್ರಿಂಕ್ಲರ್‌ಗಳ ಲೆಕ್ಕ. ಪಂಪು, ತೊಟ್ಟಿ, ಮುಖ್ಯ ಪೈಪು ಎಲ್ಲ ಹೇಗೂ ಇರುವ ಕಟ್ಟಡದಲ್ಲಿ ಮನೆಗೆ ಒಂದೋ ಎರಡೋ ಸ್ಪ್ರಿಂಕ್ಲರ್ ಕೂರಿಸುವುದು ಫ್ಲ್ಯಾಟಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು. ನಕ್ಷೆಯ ಹಂತದಲ್ಲೇ ನಿರ್ಧರಿಸಬೇಕು, ಅಷ್ಟೆ.

ಸ್ಪ್ರಿಂಕ್ಲರ್ ಪೈಪೇ ಇಲ್ಲದ ನಾಲ್ಕು–ಐದು ಮಹಡಿಯ ಹಳೆಯ ಅಪಾರ್ಟ್‌ಮೆಂಟುಗಳಿಗೆ ಈ ನಿಯಮ ತಲುಪದು. ಆದರೆ ಇಂಥ ಕಟ್ಟಡಗಳಲ್ಲಿ ಇರುವ ಜನರೇನೂ ಕಡಿಮೆಯಲ್ಲ. ಅಲ್ಲಿ ಈಗಲೇ ಆಗಬೇಕಾದದ್ದು ಗ್ರಿಲ್‌ನಲ್ಲಿ ಒಳಗಿನಿಂದ ತೆಗೆಯಬಹುದಾದ, ದೊಡ್ಡವರೊಬ್ಬರು ನುಸುಳಿ ಹೊರಬರುವಷ್ಟು ಅಗಲದ ಬಾಗಿಲು. ಕೀಲಿ ಅಲ್ಲೇ ಪಕ್ಕದ ಗೋಡೆಯಲ್ಲಿ, ಮನೆಯ ಹಿರಿಯರ ಕೈಗೂ ಎಟುಕುವಂತೆ ಇರಬೇಕು. ಇದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ. ಬೀದಿಯ ವೆಲ್ಡಿಂಗ್ ಅಂಗಡಿಯವರು ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ.