ಶಿಶುಪಾಲನೆಯ ಸಮೀಕ್ಷೆ: ಎಣಿಸಬೇಕಾದದ್ದು ಮಗುವಿನ ದಿನ

ಆರು ವರ್ಷದೊಳಗಿನ ಮಕ್ಕಳನ್ನು ಹಗಲು ಹೊತ್ತು ಯಾರು ನೋಡಿಕೊಳ್ಳುತ್ತಾರೆ, ಆ ಹೊತ್ತಿನಲ್ಲಿ ಮಗು ಏನು ತಿನ್ನುತ್ತದೆ, ಏನು ಕಲಿಯುತ್ತದೆ ಎಂಬುದನ್ನು ಎರಡು ಕಡೆ ವಿಚಾರಿಸಿ ತಿಳಿಯಬಹುದು. ಒಂದು ಮಗುವಿನ ಮನೆ. ಇನ್ನೊಂದು ಅಂಗನವಾಡಿ, ಶಿಶುವಿಹಾರ, ನರ್ಸರಿ, ಡೇ ಕೇರ್‌ಗಳಂಥ ಕೇಂದ್ರ. ಭಾರತದಲ್ಲಿ ಎರಡೂ ಕಡೆ ವಿಚಾರಣೆ ಬಹಳ ಕಾಲದಿಂದ ನಡೆದಿದೆ. ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆ 1975ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ 33 ಬ್ಲಾಕ್‌ಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ಅವುಗಳ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಮಕ್ಕಳ ವಿವರ ಬರೆದುಕೊಳ್ಳುತ್ತಲೇ ಬಂದಿದ್ದಾರೆ. ಆದರೆ ಮನೆಯವರ ಉತ್ತರ ಒಂದು ಇಲಾಖೆಯ ವರದಿಯಲ್ಲಿ, ಕೇಂದ್ರದ ಉತ್ತರ ಇನ್ನೊಂದರ ರಿಜಿಸ್ಟರಿನಲ್ಲಿ ಉಳಿದುಕೊಂಡಿದೆ. ಇವೆರಡನ್ನೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಕೇಳಬೇಕು. ಎಣಿಕೆಗೆ ದಾಖಲಾತಿಯನ್ನಲ್ಲ, ಮಗುವಿನ ಇಡೀ ದಿನವನ್ನು ಆಧಾರವಾಗಿ ಹಿಡಿಯಬೇಕು. ಅಲ್ಲಿಯವರೆಗೆ ಎಷ್ಟು ಅಂಕಿಅಂಶ ಕೂಡಿಹಾಕಿದರೂ ಮಕ್ಕಳಿಗೆ ಏನು ಬೇಕೆಂದು ತಿಳಿಯುವುದಿಲ್ಲ.

ಪ್ರಶ್ನೆ ಬದಲಾದರೆ ಚಿತ್ರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ 2019ರ ಸುಮಾರಿನ ಎರಡು ಅಂಕಿಗಳನ್ನು ನೋಡಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-20ರ ಶಾಲಾ ವರ್ಷದಲ್ಲಿ ಪೂರ್ವ ಪ್ರಾಥಮಿಕ ಶಾಲೆಗೆ ಹೋದ ಐದು ವರ್ಷದ ಮಕ್ಕಳು ಶೇ 13.6. ಅದೇ 2019ರಲ್ಲಿ 24 ರಾಜ್ಯಗಳ 26 ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದ, ಶಿಕ್ಷಣದ ಸ್ಥಿತಿಗತಿ ತಿಳಿಸುವ ‘ಅಸರ್’ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಸುಮಾರು ಶೇ 70ರಷ್ಟು ಅಂಗನವಾಡಿಯಲ್ಲೋ ಪೂರ್ವ ಪ್ರಾಥಮಿಕ ತರಗತಿಯಲ್ಲೋ ಇದ್ದರು, ಶೇ 21.6 ಮಕ್ಕಳು ಆಗಲೇ ಒಂದನೇ ತರಗತಿ ಸೇರಿದ್ದರು. ಒಂದು ಇಡೀ ದೇಶದ್ದು, ಇನ್ನೊಂದು ಆಯ್ದ ಜಿಲ್ಲೆಗಳದ್ದು ಎಂಬ ವ್ಯತ್ಯಾಸವನ್ನು ಕಳೆದರೂ ಇಷ್ಟು ದೊಡ್ಡ ಅಂತರ ಮಕ್ಕಳ ಬದುಕಿನಲ್ಲಿ ಇದ್ದಿರಲಾರದು. ಅಂಗನವಾಡಿಯನ್ನು ಯಾವ ಲೆಕ್ಕಕ್ಕೆ ಸೇರಿಸಲಾಯಿತು, ಮನೆಯವರ ಕಣ್ಣಿನಲ್ಲಿ ಅದು ಶಾಲೆಯೋ ಅಲ್ಲವೋ, ಮಗುವಿನ ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕಲಾಯಿತು ಎಂಬಂಥ ಸಂಗತಿಗಳು ಇಂಥ ಅಂತರವನ್ನು ಹುಟ್ಟಿಸುತ್ತವೆ. ಇದರಲ್ಲಿ ಒಂದನ್ನಷ್ಟೇ ಓದಿದ ಅಧಿಕಾರಿ ಕೇಂದ್ರಗಳೇ ಇಲ್ಲವೆಂದುಕೊಳ್ಳಬಹುದು. ಇನ್ನೊಂದನ್ನಷ್ಟೇ ಓದಿದವರು ಕೊರತೆಯೇ ಇಲ್ಲವೆಂದುಕೊಳ್ಳಬಹುದು.

ಕೇಂದ್ರದ ದಾಖಲೆಗಳಿಗೂ ಮಿತಿಗಳಿವೆ. ಅಂಗನವಾಡಿಯ ರಿಜಿಸ್ಟರುಗಳು, 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್ ಎರಡೂ ದಾಖಲಾದ ಮಗುವನ್ನು ಬಲ್ಲವು. ಬಾಗಿಲಿಗೇ ಬಾರದ ಮಗುವಿನ ಬಗ್ಗೆ ಅವುಗಳಲ್ಲಿ ಸಿಗುವುದು ಕಡಿಮೆ. ಆಹಾರ ಸಾಮಗ್ರಿ ಬರುವುದು ಮಕ್ಕಳ ಸಂಖ್ಯೆಯ ಮೇಲೆ. ಹಾಗಾಗಿ ಸಂಖ್ಯೆಯನ್ನು ತಗ್ಗಿಸಿ ಬರೆಯಲು ಯಾವ ಕಾರ್ಯಕರ್ತೆಗೂ ಕಾರಣವಿರುವುದಿಲ್ಲ. ಖಾಸಗಿ ವಲಯದ ಸ್ಥಿತಿ ಇನ್ನೂ ಅಸ್ಪಷ್ಟ. ಮಾನ್ಯತೆ ಪಡೆದ ಶಾಲೆಗೆ ಅಂಟಿಕೊಂಡ ಎಲ್‌ಕೆಜಿ, ಯುಕೆಜಿಗಳು ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಸಿಗುತ್ತವೆ. ಬಡಾವಣೆಯ ಮನೆಯೊಂದರ ಕೆಳಮಹಡಿಯಲ್ಲಿ ನಡೆಯುವ ಪ್ಲೇಸ್ಕೂಲ್, ನಾಲ್ಕಾರು ಮಕ್ಕಳನ್ನು ತಿಂಗಳ ದುಡ್ಡಿಗೆ ನೋಡಿಕೊಳ್ಳುವ ಪಕ್ಕದ ಮನೆಯಾಕೆ ಬಹುಮಟ್ಟಿಗೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಗರದ ದುಡಿಯುವ ತಾಯಂದಿರಲ್ಲಿ ಎಷ್ಟೋ ಜನ ಇಂಥವರನ್ನೇ ನಂಬಿಕೊಂಡಿರುವುದರಿಂದ ಇವರನ್ನು ಬಿಟ್ಟ ಸಮೀಕ್ಷೆಯನ್ನು ಪೂರ್ಣವೆನ್ನಲಾಗದು.

ಮನೆಯಲ್ಲಿ ಕೇಳುವ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ‘ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳಿದರೆ ಬಹುತೇಕ ಮನೆಗಳಲ್ಲಿ ‘ಮನೇಲೇ ಇರುತ್ತೆ, ಅಜ್ಜಿ ನೋಡ್ಕೋತಾರೆ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ಅಜ್ಜಿ ಮಧ್ಯಾಹ್ನ ಹುಲ್ಲಿಗೆ ಹೋದಾಗ ಮಗು ಒಂಬತ್ತು ವರ್ಷದ ಅಕ್ಕನ ಕಂಕುಳಲ್ಲಿತ್ತು, ಅಕ್ಕ ಅದಕ್ಕಾಗಿ ಆ ದಿನ ಶಾಲೆ ತಪ್ಪಿಸಿದಳು ಎಂಬುದು ಆ ಉತ್ತರದೊಳಗೆ ಅಡಗಿ ಕೂರುತ್ತದೆ. ಅದನ್ನು ನೇರವಾಗಿ ಕೇಳಿದರೆ ಯಾವ ತಾಯಿಯೂ ಒಪ್ಪಿಕೊಳ್ಳಲಾರಳು. ಒಪ್ಪಿಕೊಂಡರೆ ತನ್ನನ್ನು ತಾನೇ ದೂರಿಕೊಂಡಂತೆ ಆಗುತ್ತದೆ. ಆದ್ದರಿಂದ ‘ಸಾಮಾನ್ಯವಾಗಿ’ ಎಂದು ಕೇಳುವ ಬದಲು ‘ನಿನ್ನೆ’ ಎಂದು ಕೇಳಬೇಕು. ಮಗು ಎದ್ದದ್ದು ಯಾವಾಗ, ತಾಯಿ ಮನೆ ಬಿಟ್ಟದ್ದು ಯಾವಾಗ, ಆಗ ಮಗುವಿನ ಹತ್ತಿರ ಇದ್ದವರು ಯಾರು, ಊಟ ಮಾಡಿಸಿದವರು ಯಾರು ಎಂದು ಹೊತ್ತಿನಿಂದ ಹೊತ್ತಿಗೆ ಕೇಳುತ್ತ ಬಂದರೆ ಯಾರನ್ನೂ ದೂಷಿಸದೆ ದಿನದ ಚಿತ್ರ ದೊರೆಯುತ್ತದೆ. ಯುನಿಸೆಫ್ ನೆರವಿನಿಂದ ಹಲವು ದೇಶಗಳಲ್ಲಿ ನಡೆಯುವ ಬಹುಸೂಚಕ ಸಮೀಕ್ಷೆಯಲ್ಲಿ, ಕಳೆದ ಒಂದು ವಾರದಲ್ಲಿ ಮಗು ಒಂದು ತಾಸಿಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಅಥವಾ ಹತ್ತು ವರ್ಷದೊಳಗಿನ ಇನ್ನೊಂದು ಮಗುವಿನ ವಶದಲ್ಲಿ ಎಷ್ಟು ದಿನ ಇತ್ತು ಎಂಬ ಪ್ರಶ್ನೆಯಿದೆ. ಕಾಲ, ಅವಧಿ, ವಯಸ್ಸು ಮೂರನ್ನೂ ಗೊತ್ತುಮಾಡಿಕೊಂಡು ಕೇಳುವ ಇಂಥ ಪ್ರಶ್ನೆಗೆ ಉತ್ತರಿಸುವುದು ಸುಲಭ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಈ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ. ಹಿಂದಿನ ದಿನದ ಬೆಳಗಿನ ನಾಲ್ಕರಿಂದ ಸಮೀಕ್ಷೆಯ ದಿನದ ಬೆಳಗಿನ ನಾಲ್ಕರವರೆಗೆ ಅರ್ಧರ್ಧ ತಾಸಿನಂತೆ ಮಾಡಿದ ಕೆಲಸಗಳನ್ನು ಅದು ಬರೆದುಕೊಂಡಿತು. ಮನೆಮಂದಿಯ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷವನ್ನೂ ಗಂಡಸರು 76 ನಿಮಿಷವನ್ನೂ ಆಗ ಅದಕ್ಕೆ ಕೊಡುತ್ತಿದ್ದರೆಂದು ಗೊತ್ತಾದದ್ದು ಹೀಗೆ. ಆದರೂ ಸಣ್ಣ ಮಗುವಿರುವ ತಾಯಿಗೆ 134 ನಿಮಿಷ ತೀರ ಕಡಿಮೆ ಎನ್ನಿಸುತ್ತದೆ. ರೊಟ್ಟಿ ತಟ್ಟುತ್ತಲೇ ಮಗುವಿನ ಮೇಲೆ ಕಣ್ಣಿಟ್ಟ ಅರ್ಧ ತಾಸು ಹೆಚ್ಚಾಗಿ ಅಡುಗೆಯ ಲೆಕ್ಕಕ್ಕೇ ಹೋಗುತ್ತದೆ. ಶಿಶುಪಾಲನೆಯ ಬಹುಪಾಲು ಇಂಥ ಕಣ್ಣಿಟ್ಟಿರುವ ಕೆಲಸವೇ. ತಾಯಿ ಏನು ಮಾಡುತ್ತಿದ್ದಳು ಎಂದು ಕೇಳಿದಾಗ ಕಳೆದುಹೋಗುವ ಈ ಹೊತ್ತು, ಮಗು ಯಾರ ಬಳಿ ಇತ್ತು ಎಂದು ಕೇಳಿದಾಗ ಸಿಗುತ್ತದೆ. ಮಗುವಿನ ದಿನವನ್ನು ಘಟಕವಾಗಿ ಹಿಡಿಯಬೇಕೆನ್ನಲು ಇದೇ ಮುಖ್ಯ ಕಾರಣ.

ಅಗತ್ಯವನ್ನು ಅಳೆಯುವಾಗಲೂ ಇಂಥದೇ ತೊಡಕಿದೆ. ‘ಶಿಶುಪಾಲನಾ ಕೇಂದ್ರ ಬೇಕೇ?’ ಎಂದರೆ ಬೇಕೆನ್ನುವವರು ಹಲವರು. ಅದರ ಆಧಾರದ ಮೇಲೆ ತೆರೆದ ಕೇಂದ್ರ ಖಾಲಿ ಉಳಿದರೆ ಜನರಿಗೆ ಆಸಕ್ತಿಯಿಲ್ಲ ಎಂಬ ತೀರ್ಮಾನಕ್ಕೆ ಬರುವವರೂ ಹಲವರು. ಎರಡೂ ಅವಸರದ ಮಾತು. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯಿರಬೇಕೆಂದು ತಿದ್ದುಪಡಿಯಾದ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೂ ಅದನ್ನು ವಿಸ್ತರಿಸಿತು. ಕಾನೂನು ಹೀಗೆ ಹೇಳಿದರೂ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕಳನ್ನು ಕೇಳುವಾಗ ಕೇಂದ್ರ ಇದೆಯೇ ಎಂಬುದರ ಜೊತೆಗೆ ಇನ್ನಷ್ಟನ್ನು ಕೇಳಬೇಕಾಗುತ್ತದೆ: ಬೆಳಗಿನ ತುಂಬಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಬರಲು ಆಗುತ್ತದೆಯೇ, ಹಾಲೂಡಿಸಲು ಹೊಲಿಗೆ ಯಂತ್ರ ಬಿಟ್ಟು ಏಳಬಹುದೇ, ಓವರ್‌ಟೈಮ್ ಇದ್ದ ದಿನ ಕೇಂದ್ರ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಮಗುವನ್ನು ಊರಿನಲ್ಲಿ ತವರಿನವರ ಹತ್ತಿರ ಬಿಟ್ಟು ಬಂದಿದ್ದರೆ ಕಡೆಯ ಸಲ ನೋಡಿದ್ದು ಯಾವಾಗ. ‘ಬೇಕೇ’ ಎಂಬುದಕ್ಕಿಂತ ‘ಇಲ್ಲದ್ದರಿಂದ ಏನು ಬಿಡಬೇಕಾಯಿತು’ ಎಂಬ ಪ್ರಶ್ನೆ ಹೆಚ್ಚು ನಿಜ ಹೇಳುತ್ತದೆ: ಬಿಟ್ಟ ಕೆಲಸ, ಕಳೆದುಕೊಂಡ ಕೂಲಿ, ಶಾಲೆ ತಪ್ಪಿಸಿದ ಹಿರಿಯ ಮಗಳು. ನರೇಗಾ ಕೂಲಿ ಮಾಡುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಕರ್ನಾಟಕ 2023-24ರ ಬಜೆಟ್‌ನಲ್ಲಿ ಘೋಷಿಸಿದ ‘ಕೂಸಿನ ಮನೆ’ಗಳಿಗೂ ಇದೇ ಅಳತೆ ಸಲ್ಲುತ್ತದೆ. ಕೆಲಸ ಶುರುವಾಗುವ ಹೊತ್ತಿಗೂ ಕೇಂದ್ರ ತೆರೆಯುವ ಹೊತ್ತಿಗೂ ತಾಳೆಯಾಗದಿದ್ದರೆ ಕಟ್ಟಡ, ಆಟಿಕೆ, ಹಾಲು ಎಲ್ಲ ಇದ್ದೂ ಉಪಯೋಗವಿಲ್ಲ.

ಸೇವೆ ಕೊಡುವವರನ್ನು ಕೇಳುವ ಕೆಲಸ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿದೆ. ಕಾರ್ಯಕರ್ತೆಯಿಂದ ಮಾಹಿತಿ ಪಡೆಯುವವರು ಬಹಳ, ಆಕೆಯ ಬಗ್ಗೆ ಮಾಹಿತಿ ಪಡೆಯುವವರು ವಿರಳ. ಮತಗಟ್ಟೆ ಅಧಿಕಾರಿಯ ಕೆಲಸ, ತೂಕ, ಚುಚ್ಚುಮದ್ದಿನ ದಿನ, ಗರ್ಭಿಣಿ, ಬಾಣಂತಿಯರಿಗೆ ಕೊಡುವ ಮಾತೃಪೂರ್ಣದ ಊಟ, ಫೋನಿನಲ್ಲಿ ತುಂಬುವ ವಿವರ ಇವೆಲ್ಲ ಕಳೆದು ಮಕ್ಕಳೊಡನೆ ಕೂತು ಆಡಿಸಲು, ಕಥೆ ಹೇಳಲು ನಿನ್ನೆ ಎಷ್ಟು ನಿಮಿಷ ಉಳಿಯಿತು? ಮೊಟ್ಟೆಗೆ, ತರಕಾರಿಗೆ, ಗ್ಯಾಸಿಗೆ ಹಣ ಬರುವ ಮೊದಲು ಕೈಯಿಂದ ಎಷ್ಟು ಹಾಕಬೇಕಾಯಿತು? ಸಹಾಯಕಿ ರಜೆ ಹಾಕಿದರೆ ಅಡುಗೆ ಯಾರದು? ಇವು ಶಿಕ್ಷಣದ ಗುಣಮಟ್ಟದ ಪ್ರಶ್ನೆಗಳೇ. ಅಂಗನವಾಡಿ ಕಾರ್ಯಕರ್ತೆಯರು ಸಿವಿಲ್ ಹುದ್ದೆಯಲ್ಲಿರುವವರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿತು. 2022ರಲ್ಲಿ ಅದೇ ನ್ಯಾಯಾಲಯ ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ಗೌರವಧನದ ಮೇಲೆ ನಿಂತ ಈ ಬದುಕು ಬದಲಾಗದೆ ಮಕ್ಕಳಿಗೆ ಸಿಗುವ ಆರೈಕೆ ಬದಲಾಗದು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ಕಾರ್ಯಕರ್ತೆಯರು 2024ರಲ್ಲಿ ವಿರೋಧಿಸಿದಾಗ ಅದನ್ನು ಕೆಲಸ ಉಳಿಸಿಕೊಳ್ಳುವ ಹೋರಾಟವೆಂದು ಮಾತ್ರ ನೋಡಲಾಯಿತು. ಪೋಷಕರು ಇಂಗ್ಲಿಷ್ ಅಕ್ಷರ ಕೇಳುತ್ತಾರೆ, ಪಠ್ಯಕ್ರಮ ಆಟದ ಮೂಲಕ ಕಲಿಕೆ ಎನ್ನುತ್ತದೆ, ಇವೆರಡರ ನಡುವೆ ನಿಂತವಳು ಕಾರ್ಯಕರ್ತೆ. ಆ ಒತ್ತಡದ ಬಗ್ಗೆ ಆಕೆಗೆ ಹೇಳಲಿಕ್ಕಿರುವುದು ನೀತಿ ಮಾಡುವವರು ಕೇಳಬೇಕಾದ ಸಂಗತಿ.

ಕೇಳುವವರು ಯಾರು ಎಂಬುದೂ ಉತ್ತರವನ್ನು ಬದಲಿಸುತ್ತದೆ. ಅಂಗನವಾಡಿಯ ಸೇವೆ ಹೇಗಿದೆ ಎಂದು ಆ ಅಂಗನವಾಡಿಯ ಕಾರ್ಯಕರ್ತೆಯೇ ಕೇಳಿದರೆ ತಾಯಿ ಮುಖ ನೋಡಿ ಚೆನ್ನಾಗಿದೆ ಎನ್ನುತ್ತಾಳೆ. ನಾಳೆಯೂ ಅವರಿಬ್ಬರು ಒಂದೇ ನಲ್ಲಿಯಲ್ಲಿ ನೀರು ಹಿಡಿಯಬೇಕು. ಮೇಲ್ವಿಚಾರಕಿಯ ಎದುರು ಕಾರ್ಯಕರ್ತೆ ಉತ್ತರಿಸುವಾಗಲೂ ಅಷ್ಟೇ. ಇಬ್ಬರಿಗೂ ಹೊರಗಿನವರಾದ, ಊರ ಮಾತು ಬಲ್ಲ ಮಹಿಳೆ ಕೇಳುವುದು ಒಳ್ಳೆಯದು.

ಮನೆ ಮತ್ತು ಕೇಂದ್ರವನ್ನು ಒಟ್ಟಿಗೆ ಕೇಳುವುದು ಆಗದ ಮಾತೇನಲ್ಲ. ಅಮೆರಿಕ 2012ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕುಟುಂಬಗಳು, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು, ಕೇಂದ್ರಗಳು, ಅಲ್ಲಿನ ಸಿಬ್ಬಂದಿ ಎಂಬ ನಾಲ್ಕು ಗುಂಪುಗಳನ್ನು ಒಂದಕ್ಕೊಂದು ಹೊಂದಿಸಿ ವಿಚಾರಿಸಲಾಯಿತು. ಅದಕ್ಕೂ ಮೊದಲು 2004ರಲ್ಲಿ ಭಾರತದ ಆರು ರಾಜ್ಯಗಳಲ್ಲಿ ತಾಯಂದಿರನ್ನೂ ಕಾರ್ಯಕರ್ತೆಯರನ್ನೂ ಮಾತನಾಡಿಸಿ, ಅಂಗನವಾಡಿಗಳನ್ನು ಕಣ್ಣಾರೆ ನೋಡಿ ಸಿದ್ಧಪಡಿಸಿದ ‘ಫೋಕಸ್’ ವರದಿ 2006ರಲ್ಲಿ ಪ್ರಕಟವಾಗಿತ್ತು. ಒಂದೇ ಸಲ ಕೇಳಿ ಮುಗಿಸಿದರೆ ಸಾಲದು ಎಂಬುದನ್ನು ತೋರಿಸಿದ್ದು ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮತ್ತು ಅಸರ್ ಸೆಂಟರ್ ಒಟ್ಟಾಗಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ. ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿದಾಗ, ಅಂಗನವಾಡಿ, ಆಮೇಲೆ ಒಂದನೇ ತರಗತಿ ಎಂಬ ನೇರ ದಾರಿಯಲ್ಲಿ ಎಲ್ಲರೂ ನಡೆಯುವುದಿಲ್ಲ, ಮಕ್ಕಳು ಅಂಗನವಾಡಿ, ಖಾಸಗಿ ನರ್ಸರಿ, ಶಾಲೆ, ಮನೆ ಇವುಗಳ ನಡುವೆ ಹಿಂದೆ ಮುಂದೆ ಓಡಾಡುತ್ತಾರೆ ಎಂದು ಕಂಡುಬಂತು.

ಕಾಲದ ಆಯ್ಕೆಯೂ ಮುಖ್ಯ. ಕಬ್ಬು ಕಡಿಯುವ ಕಾಲದಲ್ಲಿ ಗುಳೆ ಹೋದ ಕುಟುಂಬದ ಮಗು ಊರಿನ ಪಟ್ಟಿಯಲ್ಲಿ ಗೈರುಹಾಜರಿ, ಗದ್ದೆಯ ಬದಿಯ ಗುಡಿಸಲಿನಲ್ಲಿ ಲೆಕ್ಕಕ್ಕೇ ಇಲ್ಲ. ಬಿತ್ತನೆಯ ಸಮಯದಲ್ಲೊಮ್ಮೆ, ಸುಗ್ಗಿಯಲ್ಲೊಮ್ಮೆ ಕೇಳದೆ ಹಳ್ಳಿಯ ಮಗುವಿನ ದಿನ ತಿಳಿಯದು.

ಇಷ್ಟೆಲ್ಲ ಮಾಡಲು ವೆಚ್ಚ ಹೆಚ್ಚು, ಪ್ರಶ್ನಾವಳಿ ಉದ್ದ ಎಂಬ ಆಕ್ಷೇಪ ಸರಿಯೇ. ಆದರೆ ಇಷ್ಟನ್ನೂ ಕೇಳಲು ಪ್ರತಿ ಮನೆಗೂ ಹೋಗುವ ಅಗತ್ಯವಿಲ್ಲ; ಆಯ್ದ ಕೆಲವು ಊರು, ವಾರ್ಡುಗಳಲ್ಲಿ ಮನೆ ಮತ್ತು ಕೇಂದ್ರ ಎರಡನ್ನೂ ಆಳವಾಗಿ ಕೇಳಿ, ಉಳಿದೆಡೆ ಮಕ್ಕಳ ಸಂಖ್ಯೆಯನ್ನಷ್ಟೇ ಸರಿಯಾಗಿ ಎಣಿಸಿದರೆ ಸಾಕು. ಆ ಎಣಿಕೆಗೆ ಕಾನೂನಿನ ಬಲವೂ ಇದೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಕೊಳೆಗೇರಿಯ ಜನ ಬೇಡಿಕೆ ಸಲ್ಲಿಸಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿತು. ತಾಂಡಾ, ಹಾಡಿ, ಕೊಳೆಗೇರಿಗಳ ಸಂಖ್ಯೆ ಜಿಲ್ಲೆಯ ಸರಾಸರಿಯಲ್ಲಿ ಕರಗಿಹೋದರೆ ಅಲ್ಲಿನವರು ಈ ಹಕ್ಕನ್ನು ಕೇಳಲು ಆಧಾರವೇ ಉಳಿಯುವುದಿಲ್ಲ. ಆದ್ದರಿಂದ ಮಕ್ಕಳ ಹೆಸರುಗಳನ್ನು ಬಿಟ್ಟು, ಜನವಸತಿವಾರು ಸಂಖ್ಯೆಗಳನ್ನು ಸಮೀಕ್ಷೆ ನಡೆದ ವರ್ಷದಲ್ಲೇ ಗ್ರಾಮ ಪಂಚಾಯಿತಿಗೂ ವಾರ್ಡಿಗೂ ಅಂಗನವಾಡಿಯ ಬಾಲ ವಿಕಾಸ ಸಮಿತಿಗೂ ಒಪ್ಪಿಸಬೇಕು.